ಮನೆಯ ಮರಗೆಲಸಕ್ಕೆ ಟೇಬಲ್ ಸಾ: ಯಾವುದು ತಗೋಬೇಕು, ಯಾವುದು ಬೇಡ

"ಟೇಬಲ್ ಸಾ ತಗೋಬೇಕು ಅಂತಿದ್ದೀನಿ, ಯಾವುದು ಒಳ್ಳೇದು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ನೀವು ಜಾಸ್ತಿ ಕೊಯ್ಯುವುದು ಪ್ಲೈವುಡ್ಡೋ, ಗಟ್ಟಿ ಮರವೋ? (ಟೇಬಲ್ ಸಾ ಅಂದರೆ ಮೇಜಿನ ನಡುವೆ ಗುಂಡು ಬ್ಲೇಡು ಮೇಲೆದ್ದು ತಿರುಗುವ, ಮರವನ್ನು ಅದರತ್ತ ತಳ್ಳಿ ಕೊಯ್ಯುವ ಗರಗಸ.) ಹೆಚ್ಚಿನವರು ಮೋಟಾರು ಎಷ್ಟು ವ್ಯಾಟ್, ಬ್ಲೇಡು ಎಷ್ಟು ಇಂಚು, ಬೆಲೆ ಎಷ್ಟು ಅಂತ ಒಂದು ಪಟ್ಟಿ ಹಿಡಿದು ಬಂದಿರುತ್ತಾರೆ. ಮೊದಲು ನೋಡಬೇಕಾದ ಎರಡು ಭಾಗಗಳು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಒಂದು ಫೆನ್ಸ್, ಅಂದರೆ ಮರವನ್ನು ಒರಗಿಸಿಕೊಂಡು ನೇರವಾಗಿ ತಳ್ಳುವ ಪಕ್ಕದ ಪಟ್ಟಿ. ಇನ್ನೊಂದು ರೈವಿಂಗ್ ನೈಫ್, ಅಂದರೆ ಬ್ಲೇಡಿನ ಹಿಂದೆ ನಿಲ್ಲುವ ತಗಡು. ಇವೆರಡು ಸರಿ ಇದ್ದರೆ 1500 ವ್ಯಾಟಿನ ಮಷೀನಿನಲ್ಲೂ ಚೆಂದದ ಕೆಲಸ ಮಾಡಬಹುದು. ಇವೆರಡು ಸರಿ ಇಲ್ಲದಿದ್ದರೆ 3 ಎಚ್‌ಪಿ ಮೋಟಾರು ಇದ್ದಷ್ಟೂ ಅಪಾಯವೇ ಜಾಸ್ತಿ.

ಮೊದಲು ಪ್ಲೈವುಡ್ ಮಾತು ಮುಗಿಸಿಬಿಡೋಣ. ವಾರ್ಡ್‌ರೋಬ್, ಅಡುಗೆಮನೆ ಕಪಾಟು, ಮಂಚ ಇಂಥದ್ದೇ ನಿಮ್ಮ ಕೆಲಸ ಅಂತಾದರೆ ನೀವು ಮೊದಲು ತಗೋಬೇಕಾದ್ದು ಟೇಬಲ್ ಸಾ ಅಲ್ಲ. 8 ಅಡಿ x 4 ಅಡಿಯ 18 ಎಂಎಂ ಶೀಟು ಮೂವತ್ತು ಕೆ.ಜಿ. ಮೇಲೆ ತೂಗುತ್ತದೆ. ಅದನ್ನು ಉದ್ದಕ್ಕೆ ಕೊಯ್ಯಬೇಕಾದರೆ ಬ್ಲೇಡಿನ ಮುಂದೆ 8 ಅಡಿ, ಹಿಂದೆ 8 ಅಡಿ ಖಾಲಿ ಜಾಗ ಬೇಕು. ಮಷೀನೂ ಸೇರಿದರೆ ಹದಿನೆಂಟು ಅಡಿ ಆಯಿತು. ನಮ್ಮ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗವೋ, ಮಹಡಿ ಮೇಲೆ ತಗಡು ಹೊದಿಸಿದ ಕೋಣೆಯೋ ಸಿಗುವುದು, ಅಲ್ವಾ? ಅಲ್ಲಿ ಒಬ್ಬರೇ ನಿಂತು ಆ ಶೀಟನ್ನು ಚಿಕ್ಕ ಟೇಬಲ್ಲಿನ ಮೇಲೆ ತಳ್ಳಲು ಹೋದರೆ ಅದು ಒಂದು ಕಡೆ ವಾಲುತ್ತದೆ, ಫೆನ್ಸ್ ಬಿಟ್ಟು ತಿರುಗುತ್ತದೆ, ಅಲ್ಲಿಂದ ತೊಂದರೆ ಶುರು.

ಇದಕ್ಕೆ ಸುಲಭದ ದಾರಿ ಇದೆ. ನೆಲದ ಮೇಲೆ ಎರಡು ಇಂಚಿನ ಥರ್ಮಾಕೋಲ್ ಹಾಸಿ, ಅದರ ಮೇಲೆ ಶೀಟು ಮಲಗಿಸಿ, 7 ಇಂಚಿನ ಸರ್ಕ್ಯುಲರ್ ಸಾವನ್ನು ನೇರವಾದ ಅಲ್ಯೂಮಿನಿಯಂ ಪಟ್ಟಿಗೆ ಒತ್ತಿಕೊಂಡು ಓಡಿಸಿ. ಬ್ಲೇಡು ಥರ್ಮಾಕೋಲಿಗೆ ಸ್ವಲ್ಪ ಇಳಿಯುತ್ತದೆ ಅಷ್ಟೇ. ಕೈಯಲ್ಲಿ ದುಡ್ಡಿದ್ದರೆ ಟ್ರ್ಯಾಕ್ ಸಾ ಇನ್ನೂ ಒಳ್ಳೆಯದು. ಮಕೀಟಾ ಎಸ್‌ಪಿ6000 ಅಥವಾ ಫೆಸ್ಟೂಲ್ ಟಿಎಸ್ 55 ಥರದ್ದು ಹಳಿಯ ಮೇಲೆ ಓಡುತ್ತದೆ, ಅಂಚು ಎಷ್ಟು ನಯವಾಗಿ ಬರುತ್ತದೆ ಎಂದರೆ ಮತ್ತೆ ಮುಟ್ಟುವುದೇ ಬೇಡ. ಬೆಂಗಳೂರಿನಂಥ ಊರಿನಲ್ಲಿದ್ದರೆ ಇನ್ನೊಂದು ಅನುಕೂಲ. ಅಳತೆ ಬರೆದುಕೊಟ್ಟರೆ ದೊಡ್ಡ ಪ್ಯಾನೆಲ್ ಸಾದಲ್ಲಿ ಕೊಯ್ದು, ಅಂಚು ಮುಚ್ಚುವ ತೆಳು ಪಟ್ಟಿ (ಎಡ್ಜ್ ಬ್ಯಾಂಡಿಂಗ್) ಕೂಡ ಹಚ್ಚಿ ಕೊಡುವ ಜಾಬ್ ವರ್ಕ್ ಅಂಗಡಿಗಳಿವೆ. ವರ್ಷಕ್ಕೆ ಎರಡು ಕಪಾಟು ಮಾಡುವವರಿಗೆ ಅದೇ ಸಾಕು.

ಗಟ್ಟಿ ಮರ ಅಂದರೆ ಮಾತೇ ಬೇರೆ. ತೇಗ, ಹೊನ್ನೆ, ಹಲಸು, ಮತ್ತಿ, ತೋಟದ ಸಿಲ್ವರ್ ಓಕ್ ಯಾವುದೇ ಇರಲಿ, ಒಂದೇ ಅಗಲದ ಹತ್ತು ಪಟ್ಟಿ ಬೇಕು, ಕುರ್ಚಿಗೆ ನಾಲ್ಕು ಕಾಲು ಒಂದೇ ದಪ್ಪ ಬರಬೇಕು ಅಂದರೆ ಟೇಬಲ್ ಸಾಗೆ ಸಮ ಇಲ್ಲ. ಫೆನ್ಸ್ ಒಂದು ಸಲ ಬಿಗಿದರೆ ಹತ್ತನೇ ಪಟ್ಟಿಯೂ ಮೊದಲನೆಯದರಷ್ಟೇ ಇರುತ್ತದೆ. ಈ ಬರಹದ ಮುಂದಿನ ಭಾಗ ಅಂಥವರಿಗೆ.

ರೈವಿಂಗ್ ನೈಫ್ ಯಾಕೆ ಬೇಕು

ಇದನ್ನು ನಾನು ಪಾಠ ಓದಿ ಕಲಿತದ್ದಲ್ಲ. ನನ್ನ ಮೊದಲ ಮಷೀನು ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ಆ್ಯಂಗಲ್ ಕಬ್ಬಿಣದ ಕಾಲು, ಮೇಲೆ ದಪ್ಪ ತಗಡು, ಕೆಳಗೆ 2 ಎಚ್‌ಪಿ ಮೋಟಾರು, ಬೆಲ್ಟು, 10 ಇಂಚಿನ ಬ್ಲೇಡು. ಗಾರ್ಡ್ ಇಲ್ಲ, ನೈಫ್ ಇಲ್ಲ. ಒಂದು ದಿನ ಸರಿಯಾಗಿ ಒಣಗದ ಹಲಸಿನ ಹಲಗೆ ಸೀಳುತ್ತಿದ್ದೆ. ಅರ್ಧ ಹೋದ ಮೇಲೆ ಸೀಳು ಹಿಂದೆ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿತು. ಮುಂದಿನ ಕ್ಷಣ ಹಲಗೆ ನನ್ನ ಸೊಂಟದ ಪಕ್ಕದಿಂದ ಹಾರಿ ಹಿಂದಿನ ಬಾಗಿಲಿನ ಹಲಗೆಯನ್ನು ಒಡೆದಿತ್ತು. ನಾನು ಅರ್ಧ ಅಡಿ ಬಲಕ್ಕೆ ನಿಂತಿದ್ದರೆ ಅದು ಹೊಟ್ಟೆಗೆ ಬೀಳುತ್ತಿತ್ತು. ಅವತ್ತು ಮಷೀನು ಆಫ್ ಮಾಡಿ ಕೂತವನು ತಿಂಗಳುಗಟ್ಟಲೆ ಅದನ್ನು ಮುಟ್ಟಲಿಲ್ಲ.

ಅದು ಆಗುವುದು ಹೀಗೆ. ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಕೆಳಗೆ, ಟೇಬಲ್ಲಿನ ಮೇಲೆ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲೆ ಬರುತ್ತಿರುತ್ತವೆ. ಸೀಳು ಮುಚ್ಚಿಕೊಂಡರೆ, ಅಥವಾ ಹಲಗೆ ಫೆನ್ಸ್ ಬಿಟ್ಟು ಸ್ವಲ್ಪ ಓರೆಯಾದರೆ, ಆ ಹಿಂದಿನ ಹಲ್ಲುಗಳು ಮರವನ್ನು ಮೇಲಕ್ಕೆತ್ತಿ ನಿಮ್ಮ ಕಡೆಗೇ ಎಸೆಯುತ್ತವೆ. 254 ಎಂಎಂ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 53 ಮೀಟರ್, ಅಂದರೆ ಗಂಟೆಗೆ ಸುಮಾರು 190 ಕಿ.ಮೀ. ನಿಮ್ಮ ಕೈ ಆ ವೇಗದಲ್ಲಿ ಹಿಂದಕ್ಕೆ ಬರುವುದಿಲ್ಲ. ಮರ ಹೀಗೆ ಹಿಂದಕ್ಕೆ ಹಾರುವುದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಅದರಲ್ಲಿ ಬೆರಳು ಹೋಗುವುದೂ ಹೀಗೆಯೇ, ಮರ ಹಾರಿದಾಗ ಅದನ್ನು ಒತ್ತಿಕೊಂಡಿದ್ದ ಕೈ ಬ್ಲೇಡಿನ ಮೇಲೆ ಹೋಗಿ ಬೀಳುತ್ತದೆ.

ರೈವಿಂಗ್ ನೈಫ್ ಅಂದರೆ ಬ್ಲೇಡಿನ ಬೆನ್ನಿಗೆ ಅಂಟಿದಂತೆ ನಿಲ್ಲುವ ಒಂದು ಬಾಗಿದ ತಗಡು. ಸೀಳು ಮುಚ್ಚದಂತೆ, ಮರ ಹಿಂದಿನ ಹಲ್ಲಿಗೆ ತಾಗದಂತೆ ತಡೆಯುತ್ತದೆ. ಬ್ಲೇಡು ಮೇಲೆ ಕೆಳಗೆ ಹೋದರೆ ಜೊತೆಗೇ ಹೋಗಬೇಕು, ವಾಲಿದರೆ ಜೊತೆಗೇ ವಾಲಬೇಕು. ಹಳೆಯ ಮಷೀನುಗಳಲ್ಲಿ ಸ್ಪ್ಲಿಟರ್ ಇರುತ್ತದೆ, ಅದು ಬ್ಲೇಡಿನ ಜೊತೆ ಮೇಲೆ ಕೆಳಗೆ ಹೋಗುವುದಿಲ್ಲ. ಹಲಗೆಯಲ್ಲಿ ಗಾಡಿ (ಪೂರ್ತಿ ಸೀಳದೆ ಕೊರೆಯುವ ಉದ್ದ ತೋಡು) ತೆಗೆಯಬೇಕಾದಾಗ ಅದನ್ನು ಬಿಚ್ಚಬೇಕು. ಬಿಚ್ಚಿದ್ದನ್ನು ಮತ್ತೆ ಹಾಕುವವರು ಕಡಿಮೆ. ಆದ್ದರಿಂದ ಅಂಗಡಿಯಲ್ಲಿ ನಿಂತಾಗ ಬ್ಲೇಡನ್ನು ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ನೈಫ್ ಜೊತೆಗೇ ಬರುತ್ತದಾ ಅಂತ ಕಣ್ಣಾರೆ ನೋಡಿ.

ನಮ್ಮ ಕಡೆ ಸಿಗುವ ದಾರಿಗಳು

ಅತ್ಯಂತ ಅಗ್ಗದ್ದು 4 ಇಂಚಿನ ಮಾರ್ಬಲ್ ಕಟರ್‌ಗೆ ಮರದ ಬ್ಲೇಡು ಹಾಕಿ, ಪ್ಲೈವುಡ್ ಟೇಬಲ್ಲಿನ ಕೆಳಗೆ ತಲೆಕೆಳಗಾಗಿ ಬೋಲ್ಟ್ ಮಾಡುವುದು. ಎಲ್ಲ ಸೈಟುಗಳಲ್ಲೂ ಇದನ್ನು ನೋಡಿರುತ್ತೀರಿ. ದಯವಿಟ್ಟು ಮಾಡಬೇಡಿ. ಆ ಕಟರ್ ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುತ್ತದೆ, ಕಲ್ಲಿಗೆ, ಟೈಲ್ಸಿಗೆ ಮಾಡಿದ್ದು, ನೈಫ್ ಹಾಕಲು ಜಾಗವೇ ಇಲ್ಲ. ಸೈಟಿನಲ್ಲಿ ದಿನವಿಡೀ ಅದೇ ಕೆಲಸ ಮಾಡುವ ಆಚಾರಿಗಳ ಕೈಗಳನ್ನು ಒಮ್ಮೆ ಗಮನಿಸಿ ನೋಡಿ. ಅವರಿಗೆ ಹೊಟ್ಟೆಪಾಡು, ಬೇರೆ ದಾರಿ ಇರಲಿಲ್ಲ. ನಮಗೆ ಹವ್ಯಾಸ, ನಾವು ಕಾಯಬಹುದು.

7 ಇಂಚಿನ ಸರ್ಕ್ಯುಲರ್ ಸಾವನ್ನು ತಲೆಕೆಳಗು ಮಾಡಿ ಕೂರಿಸುವುದು ಅದಕ್ಕಿಂತ ಸ್ವಲ್ಪ ಮೇಲು, ಆದರೆ ಅಲ್ಲಿ ಸ್ವಿಚ್ಚಿನದೇ ದೊಡ್ಡ ಸಮಸ್ಯೆ. ಟ್ರಿಗರನ್ನು ದಾರದಲ್ಲಿ ಕಟ್ಟಿ ಗೋಡೆಯ ಪ್ಲಗ್ಗಿನಲ್ಲಿ ಆನ್ ಆಫ್ ಮಾಡುತ್ತಾರೆ. ಕರೆಂಟ್ ಹೋಗುತ್ತದೆ, ನೀವು ಬ್ಲೇಡಿನ ಪಕ್ಕ ಸಿಕ್ಕಿದ ಚೂರು ತೆಗೆಯಲು ಕೈ ಹಾಕುತ್ತೀರಿ, ಕರೆಂಟ್ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಇದು ಆಗುವುದೇ ಇಲ್ಲ ಅನ್ನುವ ಹಾಗಿಲ್ಲ. ಕರೆಂಟ್ ಹೋಗಿ ಬಂದಾಗ ತಾನಾಗಿ ಶುರುವಾಗದ ನೋ-ವೋಲ್ಟ್ ಸ್ವಿಚ್ ಇಲ್ಲದ ಯಾವ ಟೇಬಲ್ ಸಾವೂ ಬೇಡ.

ಇನ್ನು ನಾನು ಮೊದಲು ಮಾಡಿಸಿದಂಥ ಲೋಕಲ್ ಮಷೀನು. ಇದನ್ನು ಪೂರ್ತಿ ತಳ್ಳಿಹಾಕಲಾರೆ. ಇಂಡಕ್ಷನ್ ಮೋಟಾರು ಸದ್ದು ಕಡಿಮೆ, ಕಾರ್ಬನ್ ಬ್ರಷ್ ಸವೆಯುವ ಗೋಳಿಲ್ಲ, ದಪ್ಪ ಮರಕ್ಕೂ ಉಸಿರುಗಟ್ಟುವುದಿಲ್ಲ, ಊರಿನ ಮೋಟಾರು ರೀವೈಂಡಿಂಗ್ ಅಂಗಡಿಯಲ್ಲೇ ರಿಪೇರಿ ಆಗುತ್ತದೆ. ಮಾಡಿಸುವುದೇ ಆದರೆ ಮೂರು ಷರತ್ತು ಹಾಕಿ. ಇಂಥ ಬಹಳಷ್ಟು ಮಷೀನುಗಳಲ್ಲಿ ಬ್ಲೇಡು ನಿಂತಲ್ಲೇ ಇರುತ್ತದೆ, ಟೇಬಲ್ಲನ್ನೇ ಎತ್ತಿ ಇಳಿಸುತ್ತಾರೆ. ಇದು ನಿಜಕ್ಕೂ ಅನುಕೂಲ, ಏಕೆಂದರೆ ಬ್ಲೇಡಿನ ಶಾಫ್ಟ್ ಕೂತಿರುವ ಫ್ರೇಮಿಗೇ ಒಂದು ತಗಡು ಬೋಲ್ಟ್ ಮಾಡಿಸಿದರೆ ಅದು ಬ್ಲೇಡಿನ ಬೆನ್ನು ಬಿಡುವುದೇ ಇಲ್ಲ, ರೈವಿಂಗ್ ನೈಫೇ ಆಯಿತು. ತಗಡಿನ ದಪ್ಪ ಬ್ಲೇಡಿನ ಮೈಗಿಂತ ಜಾಸ್ತಿ, ಹಲ್ಲಿನ ಅಗಲಕ್ಕಿಂತ ಕಡಿಮೆ ಇರಬೇಕು. ಹಲ್ಲು 2.8 ಎಂಎಂ, ಮೈ 1.8 ಎಂಎಂ ಇದ್ದರೆ ತಗಡು 2.3 ಎಂಎಂ ಸರಿಹೋಗುತ್ತದೆ. ಎರಡನೆಯದು, ಬೆಲ್ಟಿಗೆ, ಬ್ಲೇಡಿಗೆ ಮುಚ್ಚಳ. ಮೂರನೆಯದು, ಸಾದಾ ಸ್ವಿಚ್ ಬದಲು ಪಂಪ್‌ಸೆಟ್ಟಿಗೆ ಹಾಕುವಂಥ ಹಸಿರು ಕೆಂಪು ಗುಂಡಿಯ ಡಿಒಎಲ್ ಸ್ಟಾರ್ಟರ್. ಕರೆಂಟ್ ಹೋದರೆ ಅದರ ನೋ-ವೋಲ್ಟ್ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಒತ್ತದೆ ಓಡುವುದಿಲ್ಲ. ತೋಟದ ಪಂಪಿಗೆ ಹಾಕುವ ಆಟೋ ಸ್ಟಾರ್ಟರ್ ಮಾತ್ರ ಇಲ್ಲಿ ಯಾವ ಕಾರಣಕ್ಕೂ ಕೂಡದು.

ಲೋಕಲ್ ಮಷೀನಿನ ದೊಡ್ಡ ಕೊರತೆ ಫೆನ್ಸ್. ಆ್ಯಂಗಲ್ ಕಬ್ಬಿಣಕ್ಕೆ ಎರಡು ಸಿ-ಕ್ಲ್ಯಾಂಪ್ ಹಾಕಿ ಪ್ರತಿ ಸಲ ಹಿಂದೆ ಮುಂದೆ ಅಳೆಯುತ್ತಾ ಕೂರಬೇಕು.

ಆದ್ದರಿಂದ ಹೆಚ್ಚಿನ ಹವ್ಯಾಸಿಗಳಿಗೆ ನಾನು ಹೇಳುವುದು ಜಾಬ್‌ಸೈಟ್ ಸಾ, ಅಂದರೆ ಅಲ್ಯೂಮಿನಿಯಂ ಟೇಬಲ್ಲಿನ, ಒಬ್ಬರೋ ಇಬ್ಬರೋ ಎತ್ತಿಡಬಹುದಾದ ಕಂಪನಿ ಮಷೀನು. ಬಾಷ್ ಜಿಟಿಎಸ್ 254 ಇದೆ, 1800 ವ್ಯಾಟ್, 254 ಎಂಎಂ ಬ್ಲೇಡು. ಮಕೀಟಾ ಎಂಎಲ್‌ಟಿ100 ಇದೆ, 1500 ವ್ಯಾಟ್, 260 ಎಂಎಂ ಬ್ಲೇಡು, 93 ಎಂಎಂ ದಪ್ಪದವರೆಗೂ ಕೊಯ್ಯುತ್ತದೆ. ದಪ್ಪ ಚೌಕಟ್ಟಿನ ಮರ ಸೀಳುವವರಿಗೆ ಆ ಹೆಚ್ಚಿನ ಆಳ ಉಪಯೋಗಕ್ಕೆ ಬರುತ್ತದೆ. ಡಿವಾಲ್ಟ್‌ನದು ಎರಡು. ಡಿಡಬ್ಲ್ಯುಇ7485 ಚಿಕ್ಕದು, 210 ಎಂಎಂ ಬ್ಲೇಡು, ಆಳ ಸುಮಾರು 65 ಎಂಎಂ. ಡಿಡಬ್ಲ್ಯುಇ7491 ದೊಡ್ಡದು, 250 ಎಂಎಂ, 2000 ವ್ಯಾಟ್.

ಇವುಗಳ ನಡುವೆ ನನ್ನ ಒಲವು ಡಿವಾಲ್ಟ್ ಕಡೆ, ಅದಕ್ಕೆ ಕಾರಣ ಫೆನ್ಸ್ ಒಂದೇ. ಅದರ ಫೆನ್ಸ್ ಹಲ್ಲಿನ ಹಳಿಯ ಮೇಲೆ ಓಡುತ್ತದೆ. ಒಂದು ಗುಂಡಿ ತಿರುಗಿಸಿದರೆ ಮುಂದಿನ ಹಳಿ, ಹಿಂದಿನ ಹಳಿ ಎರಡೂ ಒಟ್ಟಿಗೇ ಸರಿಯುತ್ತವೆ, ಆದ್ದರಿಂದ ಫೆನ್ಸ್ ಬ್ಲೇಡಿಗೆ ಸಮಾನಾಂತರವಾಗಿಯೇ ಉಳಿಯುತ್ತದೆ. ಚಿಕ್ಕದರಲ್ಲಿ ಬ್ಲೇಡಿನಿಂದ ಫೆನ್ಸಿಗೆ 622 ಎಂಎಂ ತನಕ ಜಾಗ ಸಿಗುತ್ತದೆ. 4 ಅಡಿ ಶೀಟನ್ನು ಸರಿಯಾಗಿ ಎರಡು ಭಾಗ ಮಾಡಲು 610 ಎಂಎಂ ಬೇಕು, ಅಂದರೆ ಅಷ್ಟಕ್ಕೆ ಸಾಕು. ದೊಡ್ಡದರಲ್ಲಿ 825 ಎಂಎಂ. "10 ಇಂಚೇ ಬೇಕು" ಅಂತ ಹಟ ಹಿಡಿಯುವ ಮೊದಲು ನೀವು ಹೋದ ವರ್ಷ ಕೊಯ್ದ ಅತಿ ದಪ್ಪ ಮರ ಯಾವುದು ಅಂತ ನೆನಪು ಮಾಡಿಕೊಳ್ಳಿ. ಎರಡೂವರೆ ಇಂಚು ದಾಟಿಲ್ಲದಿದ್ದರೆ ಚಿಕ್ಕ ಬ್ಲೇಡಿನ ಮಷೀನೇ ಸಾಲುತ್ತದೆ, ಜಾಗವೂ ಉಳಿಯುತ್ತದೆ. ಆದರೆ ನಿಮ್ಮ ಊರಿಗೆ ಹತ್ತಿರ ಇರುವುದು ಬೇರೆ ಕಂಪನಿಯ ಸರ್ವಿಸ್ ಸೆಂಟರ್ ಆಗಿದ್ದರೆ ಅದನ್ನೇ ತಗೊಳ್ಳಿ. ಬ್ರಷ್, ಬೇರಿಂಗ್, ಸ್ವಿಚ್ಚಿಗೆ ಇನ್ನೂರು ಕಿ.ಮೀ. ಓಡಾಡುವುದು ತುಂಬಾ ಕಷ್ಟ.

ಸದ್ದಿನ ವಿಷಯ ಮುಚ್ಚಿಡಬಾರದು. ಈ ಜಾಬ್‌ಸೈಟ್ ಮಷೀನುಗಳು ಕಿರುಚುತ್ತವೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಟೇಬಲ್ ಸಾ ಬೇಡ, ಪಕ್ಕದ ಮನೆಯ ಮಗುವಿನ ನಿದ್ದೆಯನ್ನೂ ಯೋಚಿಸಬೇಕಲ್ವಾ. ಅಲ್ಲಿ 14 ಇಂಚಿನ ಬ್ಯಾಂಡ್ ಸಾ, ಅಂದರೆ ಪಟ್ಟಿಯಂಥ ಬ್ಲೇಡು ಎರಡು ಚಕ್ರಗಳ ಮೇಲೆ ಸುತ್ತುವ ಗರಗಸ, ಒಳ್ಳೆಯದು. ಸದ್ದು ಕಡಿಮೆ, ಪುಡಿ ಕಡಿಮೆ, ಬ್ಲೇಡು ಮರವನ್ನು ಟೇಬಲ್ಲಿಗೇ ಒತ್ತುವುದರಿಂದ ಹಾರಿಬಂದು ಹೊಡೆಯುವ ಭಯ ಇಲ್ಲ. ಅಂಚು ಸ್ವಲ್ಪ ಒರಟು ಬರುತ್ತದೆ, ಹತ್ತರಿ ಹೊಡೆದು ನಯ ಮಾಡಿಕೊಳ್ಳಬೇಕು.

ಎರಕದ ಕಬ್ಬಿಣದ ಟೇಬಲ್ಲಿನ ಕ್ಯಾಬಿನೆಟ್ ಸಾ ಬಗ್ಗೆ ಎಲ್ಲರಿಗೂ ಆಸೆ ಇರುತ್ತದೆ, ನನಗೂ ಇದೆ. 150 ಕೆ.ಜಿ. ಮೇಲಿನ ತೂಕ, ನಡುಗುವುದೇ ಇಲ್ಲ, ಕೊಯ್ದ ಅಂಚು ಕನ್ನಡಿ ಥರ. ಅಂಥದ್ದು ತಗೊಂಡರೆ ಜಾಗ ಬದಲಿಸುವ ಮಾತಿಲ್ಲ. ಮಲೆನಾಡು, ಕರಾವಳಿಯವರು ಇನ್ನೊಂದು ಮಾತು ಯೋಚಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಎರಕದ ಟೇಬಲ್ಲಿಗೆ ಮೇಣ ಹಚ್ಚುತ್ತಲೇ ಇರಬೇಕು, ಒಂದು ವಾರ ಮರೆತರೆ ಕೆಂಪು ತುಕ್ಕು. ಅಲ್ಯೂಮಿನಿಯಂಗೆ ಆ ರಗಳೆ ಇಲ್ಲ.

ಬೆರಳು ತಾಗಿದರೆ ನಿಲ್ಲುವ ಸಾ

ಅಮೆರಿಕದ ಸಾಸ್ಟಾಪ್ ಬಗ್ಗೆ ಕೇಳಿರುತ್ತೀರಿ. ಸ್ಟೀವ್ ಗ್ಯಾಸ್ ಅನ್ನುವವರು 1999ರಲ್ಲಿ ಕಂಡುಹಿಡಿದದ್ದು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಿಗ್ನಲ್ ಹರಿಯುತ್ತಿರುತ್ತದೆ, ಚರ್ಮ ತಾಗಿದ ಕೂಡಲೇ ಅದು ಬದಲಾಗುತ್ತದೆ, ಒಂದು ಅಲ್ಯೂಮಿನಿಯಂ ತುಂಡು ಬ್ಲೇಡಿನ ಹಲ್ಲಿಗೆ ಚುಚ್ಚಿಕೊಂಡು 5 ಮಿಲಿಸೆಕೆಂಡಿನ ಒಳಗೆ ನಿಲ್ಲಿಸುತ್ತದೆ. ಬೆರಳಿಗೆ ಸಣ್ಣ ಗೀರು. ಆ ಅಲ್ಯೂಮಿನಿಯಂ ತುಂಡಿರುವ ಕಾರ್ಟ್ರಿಜ್ಜೂ ಬ್ಲೇಡೂ ಹಾಳಾಗುತ್ತವೆ, ಹೊಸದು ಹಾಕಬೇಕು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 30,000 ಜನ ಟೇಬಲ್ ಸಾ ಬ್ಲೇಡು ತಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುತ್ತಾರೆ ಅಂತ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಆ ಲೆಕ್ಕ ನೋಡಿದರೆ ಇದು ಎಂಥ ದೊಡ್ಡ ಕೆಲಸ ಅಂತ ಅರ್ಥವಾಗುತ್ತದೆ. ಬಾಷ್ ಕೂಡ ರಿಯಾಕ್ಸ್ ಅಂತ ಒಂದು ತಂದಿತ್ತು, ಪೇಟೆಂಟ್ ಜಗಳದಲ್ಲಿ 2017ರಲ್ಲಿ ಅಮೆರಿಕಕ್ಕೆ ಅದರ ಆಮದು ನಿಂತಿತು. ಅದೇ ವರ್ಷ ಫೆಸ್ಟೂಲ್‌ನ ಮಾತೃಸಂಸ್ಥೆ ಸಾಸ್ಟಾಪನ್ನು ಕೊಂಡುಕೊಂಡಿತು. ಫೆಸ್ಟೂಲ್ ಟಿಕೆಎಸ್ 80ರಲ್ಲಿ ಇರುವುದು ಇದೇ ತಂತ್ರ.

ಅಮೆರಿಕದಲ್ಲಿರುವ ನೆಂಟರು ವಾಪಸ್ ಬರುವಾಗ ಅಲ್ಲಿಯ ಮಷೀನು ತರಲಾ ಅಂತ ಕೇಳುವುದುಂಟು. ಅಲ್ಲಿಯ ಚಿಕ್ಕ ಸಾಗಳು 120 ವೋಲ್ಟಿನವು, ನಮ್ಮಲ್ಲಿ 230. ಭಾರಿ ಟ್ರಾನ್ಸ್‌ಫಾರ್ಮರ್ ಬೇಕು, ಇಂಡಕ್ಷನ್ ಮೋಟಾರಾದರೆ 60 ಹರ್ಟ್ಜ್ 50 ಹರ್ಟ್ಜ್ ವ್ಯತ್ಯಾಸಕ್ಕೆ ವೇಗವೂ ಇಳಿಯುತ್ತದೆ. ಬೇಡ ಅನ್ನಿ. ಇನ್ನೊಂದು, ಈ ತಂತ್ರಕ್ಕೆ ಹಸಿ ಮರ ಆಗಿಬರುವುದಿಲ್ಲ. ನೀರಿನಂಶ ಜಾಸ್ತಿ ಇದ್ದರೆ ಅದನ್ನೇ ಬೆರಳು ಅಂದುಕೊಂಡು ನಿಂತುಬಿಡಬಹುದು.

ಕರೆಂಟು, ಬ್ಲೇಡು, ಪುಡಿ

2000 ವ್ಯಾಟ್ ಮಷೀನು 230 ವೋಲ್ಟಿನಲ್ಲಿ 8.7 ಆಂಪ್ ಎಳೆಯುತ್ತದೆ, ಶುರುವಾಗುವಾಗ ಇನ್ನೂ ಜಾಸ್ತಿ. 6 ಆಂಪಿನ ಚಿಕ್ಕ ಪ್ಲಗ್ಗಿಗೆ ಹಾಕಬೇಡಿ, ಗೀಸರಿಗೆ ಇರುವಂಥ 16 ಆಂಪಿನ ಪಾಯಿಂಟ್ ಮಾಡಿಸಿ. ಎಕ್ಸ್‌ಟೆನ್ಷನ್ ಬೇಕೇ ಬೇಕು ಅಂದರೆ 2.5 ಚದರ ಎಂಎಂ ವೈರಿನದು. ಸಂಜೆ ವೋಲ್ಟೇಜ್ ಬೀಳುವ ಊರಿನಲ್ಲಿ ಇಂಡಕ್ಷನ್ ಮೋಟಾರು ಗುಂಯ್‌ಗುಟ್ಟುತ್ತಾ ತಿರುಗದೆ ನಿಂತರೆ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ.

ಮಷೀನಿನ ಜೊತೆ ಬರುವ ಬ್ಲೇಡಿನ ಮೇಲೆ ಮಷೀನನ್ನು ಅಳೆಯಬೇಡಿ. ಉದ್ದಕ್ಕೆ ಸೀಳಲು 24 ಹಲ್ಲು, ಎಲ್ಲಕ್ಕೂ ಒಂದೇ ಅಂದರೆ 40 ಹಲ್ಲು, ಪ್ಲೈವುಡ್, ಲ್ಯಾಮಿನೇಟಿಗೆ 60ರಿಂದ 80. ಮೊದಲು ಒಂದು ಒಳ್ಳೆಯ 40 ಹಲ್ಲಿನದು ತಗೊಳ್ಳಿ. ಫ್ರಾಯ್ಡ್, ಸಿಎಂಟಿ ಎರಡೂ ಇಟಲಿಯವು, ಚೆನ್ನಾಗಿವೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಬ್ಲೇಡು ಬೇಗ ಮೊಂಡಾಗುತ್ತದೆ. ಮರ ಸುಟ್ಟ ವಾಸನೆ ಬಂದರೆ, ತಳ್ಳಲು ಬಲ ಹಾಕಬೇಕಾದರೆ ಸಾಣೆಗೆ ಕೊಡುವ ಹೊತ್ತಾಯಿತು ಅಂತ. ಕೊಳ್ಳುವಾಗ ನಡುವಿನ ತೂತು ನೋಡಿ, 25.4 ಎಂಎಂ ಇದೆ, 30 ಎಂಎಂ ಇದೆ. ಹಲ್ಲಿನ ಅಗಲ ನಿಮ್ಮ ರೈವಿಂಗ್ ನೈಫಿಗಿಂತ ಜಾಸ್ತಿ ಇದೆಯಾ ಅಂತಲೂ ನೋಡಿ. ನೈಫಿನ ಮೇಲೆಯೇ ಅದರ ದಪ್ಪ ಬರೆದಿರುತ್ತದೆ. ತೆಳು ಬ್ಲೇಡು ಹಾಕಿದರೆ ಮರ ನೈಫಿಗೇ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಅಗಲ ಗಾಡಿಗೆ ಡೇಡೋ ಬ್ಲೇಡು (ಒಂದೇ ಸಲಕ್ಕೆ ಅಗಲ ತೋಡು ಕೊರೆಯುವ ದಪ್ಪ ಬ್ಲೇಡು) ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ, ನಮ್ಮಲ್ಲಿ ಸಿಗುವ 230 ವೋಲ್ಟಿನ ಹೆಚ್ಚಿನ ಮಷೀನುಗಳ ಶಾಫ್ಟ್ ಅದಕ್ಕೆ ಸಾಲುವಷ್ಟು ಉದ್ದ ಇಲ್ಲ. ತೋಡು ಕೊರೆಯುವ ರೌಟರ್ ಮಷೀನಿನಲ್ಲಿ ಮಾಡಿಕೊಳ್ಳಿ.

ಮರದ ಪುಡಿಯನ್ನು ಹಗುರವಾಗಿ ತಗೋಬೇಡಿ. ಅದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪಟ್ಟಿ ಮಾಡಿದೆ. ಮಷೀನಿನ ಹಿಂದೆ ವ್ಯಾಕ್ಯೂಮ್ ಪೈಪ್ ಸೇರಿಸುವ ಬಾಯಿ ಇರಲಿ, ಮುಖಕ್ಕೆ ಎನ್95 ಮಾಸ್ಕ್ ಇರಲಿ.

ಕೊಳ್ಳುವ ಮೊದಲು ಮಷೀನನ್ನು ಕೈಯಿಂದ ಮುಟ್ಟಿ ನೋಡಿ. ಎರಡು ವರ್ಷಕ್ಕೊಮ್ಮೆ ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಮರಗೆಲಸದ ಇಂಡಿಯಾವುಡ್ ಮೇಳ ನಡೆಯುತ್ತದೆ, ಅಲ್ಲಿ ಎಲ್ಲ ಥರದವನ್ನೂ ಒಂದೇ ದಿನ ನೋಡಬಹುದು. ಅಂಗಡಿಗೆ ಹೋಗುವುದಾದರೆ ಜೇಬಿನಲ್ಲಿ ಒಂದು ಮೂಲೆಮಟ್ಟ, ಒಂದು ಸ್ಟೀಲ್ ಸ್ಕೇಲ್ ಇಟ್ಟುಕೊಂಡು ಹೋಗಿ. ಪ್ಲಗ್ ತೆಗೆಸಿ, ಬ್ಲೇಡಿನ ಒಂದು ಹಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿ, ಟೇಬಲ್ಲಿನ ಮೇಲೆ ಬ್ಲೇಡಿನ ಪಕ್ಕ ಉದ್ದಕ್ಕೆ ಇರುವ ಮೈಟರ್ ಗಾಡಿಯಿಂದ ಆ ಹಲ್ಲಿಗೆ ಎಷ್ಟು ದೂರ ಅಂತ ಮುಂದೆ ಒಮ್ಮೆ ಅಳೆದು, ಬ್ಲೇಡು ತಿರುಗಿಸಿ ಅದೇ ಹಲ್ಲನ್ನು ಹಿಂದೆ ತಂದು ಮತ್ತೆ ಅಳೆಯಿರಿ. ಎರಡೂ ಒಂದೇ ಬರಬೇಕು. ಆಮೇಲೆ ಫೆನ್ಸ್ ಬಿಗಿದು ಅದರ ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ. ಅಲುಗಿದರೆ, ಎಷ್ಟೇ ರಿಯಾಯಿತಿ ಕೊಡುತ್ತೇನೆ ಅಂದರೂ ಆ ಮಷೀನನ್ನು ಅಲ್ಲೇ ಬಿಟ್ಟು ಬನ್ನಿ.